ವೆಂಗೆನ್‌ನಲ್ಲಿ ಇಬ್ಬರಿಗೆ ಐದು ರಾತ್ರಿ: ಊರಿನ ಆಯ್ಕೆ, ರೈಲು ಪಾಸು, ವೀಸಾ, ಊಟ

ಮುಂಗಾರುಮೋಡ

ಸೆಪ್ಟೆಂಬರ್ ಎರಡನೇ ವಾರ ನಾವಿಬ್ಬರೇ ಸ್ವಿಟ್ಜರ್ಲೆಂಡಿಗೆ ಹೋಗಿ ಬೆಟ್ಟದ ಊರಲ್ಲಿ ಐದು ರಾತ್ರಿ ಇರಬೇಕು ಅಂದುಕೊಂಡಿದ್ದೇವೆ. ಹೊರಡೋದು ಬೆಂಗಳೂರಿಂದ. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ನಡೆಯೋದು ಇಷ್ಟ, ಆದರೆ ನಮ್ಮ ಮನೆಯವರಿಗೆ ಮೊಣಕಾಲು ನೋವು, ಕಡಿದಾದ ಇಳಿಜಾರು ಆಗಲ್ಲ. ಪ್ಯಾಕೇಜ್ ಟೂರ್ ಬೇಡ. ಸದ್ಯದ ಯೋಚನೆ ಹೀಗಿದೆ: ಇಂಟರ್‌ಲಾಕೆನ್ 2 ರಾತ್ರಿ, ಗ್ರಿಂಡೆಲ್‌ವಾಲ್ಡ್ 1 ರಾತ್ರಿ, ಝರ್ಮಾಟ್ 2 ರಾತ್ರಿ. ತಪ್ಪಿದ್ದರೆ ತಿದ್ದಿ.

ಸಹ್ಯಾದ್ರಿ78

ಮೂರು ಊರು ಬೇಡ, ಒಂದೇ ಸಾಕು. ಕಾರಣ ಎರಡು.

ಮೊದಲನೆಯದು ಸಮಯ. ಹೋಟೆಲ್ ಕೋಣೆ ಬೆಳಿಗ್ಗೆ ಹತ್ತು ಹನ್ನೊಂದಕ್ಕೆಲ್ಲ ಬಿಡಬೇಕು, ಮುಂದಿನ ಕಡೆ ಕೋಣೆ ಸಿಗೋದು ಮೂರರ ಮೇಲೆ. ಗ್ರಿಂಡೆಲ್‌ವಾಲ್ಡ್‌ನಿಂದ ಝರ್ಮಾಟ್‌ಗೆ ಇಂಟರ್‌ಲಾಕೆನ್, ಸ್ಪೀಟ್ಸ್, ಫಿಸ್ಪ್‌ಗಳಲ್ಲಿ ರೈಲು ಬದಲಿಸಿಕೊಂಡು ಹೋಗಬೇಕು. ಎರಡು ಸಲ ಊರು ಬದಲಿಸಿದರೆ ಹೆಚ್ಚುಕಮ್ಮಿ ಒಂದು ಪೂರ್ತಿ ದಿನ ಪೆಟ್ಟಿಗೆ ಎಳೆಯೋದರಲ್ಲೇ ಹೋಗುತ್ತೆ.

ಎರಡನೆಯದು ಮೋಡ, ಮುಖ್ಯವಾದ ಕಾರಣ ಇದೇ. ಆಲ್ಪ್ಸ್‌ನಲ್ಲಿ ಶಿಖರದ ಮೇಲಿನ ಮೋಡ ಯಾವ ದಿನ ಬಿಡುತ್ತೆ ಅಂತ ಒಂದೆರಡು ದಿನದ ಹಿಂದೆಯಷ್ಟೇ ನೆಚ್ಚಿಕೊಂಡು ಹೇಳಬಹುದು. ಝರ್ಮಾಟ್‌ನಲ್ಲಿ ಎರಡೇ ರಾತ್ರಿ ಇಟ್ಟುಕೊಂಡು ಆ ಎರಡೂ ದಿನ ಮಳೆ ಹಿಡಿದರೆ ಮ್ಯಾಟರ್‌ಹಾರ್ನ್ ಶಿಖರ ಇರುವ ದಿಕ್ಕು ಮಾತ್ರ ನೋಡಿ ಬರಬೇಕಾಗುತ್ತೆ. ಒಂದೇ ಕಡೆ ಐದು ರಾತ್ರಿ ಇದ್ದರೆ ಶಿಖರದ ದಿನವನ್ನು ಹಿಂದೆ ಮುಂದೆ ಮಾಡಿಕೊಳ್ಳೋ ಸ್ವಾತಂತ್ರ್ಯ ನಿಮ್ಮ ಕೈಲಿರುತ್ತೆ. ಹಾಗಾಗಿ ಕೋಣೆ ಮತ್ತು ವಿಮಾನ ಮೊದಲೇ ಕಾದಿರಿಸಿ, ಮೇಲೆ ಹೋಗುವ ಟಿಕೆಟ್ ಮಾತ್ರ ಹಿಂದಿನ ರಾತ್ರಿಯವರೆಗೂ ಕೊಳ್ಳಬೇಡಿ.

ಆರೆ_ಕಣಿವೆ

ಸಹ್ಯಾದ್ರಿಯವರ ಮಾತು ನೂರಕ್ಕೆ ನೂರು ಸರಿ. ನಿಮ್ಮ ಪಟ್ಟಿಯಲ್ಲಿಲ್ಲದ ವೆಂಗೆನ್ ನೋಡಿ. 1,274 ಮೀಟರ್ ಎತ್ತರದಲ್ಲಿ ಬೆಟ್ಟದ ಹೆಗಲಿನ ಮೇಲೆ ಕೂತ ಊರು, ಕೆಳಗೆ ಲೌಟರ್‌ಬ್ರುನೆನ್ ಕಣಿವೆ. ಕಾರುಗಳಿಗೆ ಪ್ರವೇಶವಿಲ್ಲ, ರೈಲಿನಲ್ಲೇ ಹತ್ತಬೇಕು. ಸಂಜೆ ದಿನದ ಪ್ರವಾಸಿಗರೆಲ್ಲ ಇಳಿದು ಹೋದಮೇಲೆ ಹಸುಗಳ ಗಂಟೆ ಸದ್ದು ಬಿಟ್ಟರೆ ಬೇರೇನೂ ಕೇಳಿಸಲ್ಲ. ಇಬ್ಬರೇ ಹೋಗುವವರಿಗೆ ಇಂಥ ಊರೇ ಬೇಕು.

ಉಳಿದವನ್ನೂ ತೂಗಿ ನೋಡೋಣ. ಇಂಟರ್‌ಲಾಕೆನ್ ಎರಡು ಕೆರೆಗಳ ನಡುವೆ ತಗ್ಗಿನಲ್ಲಿದೆ. ರೈಲು ಬದಲಿಸೋಕೆ ಒಳ್ಳೇದು, ಬೆಟ್ಟದ ಊರಲ್ಲ. ಲೌಟರ್‌ಬ್ರುನೆನ್ 796 ಮೀಟರ್‌ನಲ್ಲಿದೆ, ಫೋಟೋಗಳಲ್ಲಿ ಕಾಣುವ 297 ಮೀಟರ್ ಎತ್ತರದ ಸ್ಟೌಬ್‌ಬಾಖ್ ಜಲಪಾತ ಅಲ್ಲಿಯದೇ. ಎರಡೂ ಕಡೆ ಗೋಡೆಯಂಥ ಬಂಡೆ ಇರುವುದರಿಂದ ಬಿಸಿಲು ತಡವಾಗಿ ಬಂದು ಬೇಗ ಹೋಗುತ್ತೆ, ಮಧ್ಯಾಹ್ನ ರಸ್ತೆ ತುಂಬ ಜನ. ಗ್ರಿಂಡೆಲ್‌ವಾಲ್ಡ್ ಚೆಂದವೇ, ಐಗರ್ ಶಿಖರದ ಬುಡದಲ್ಲಿದೆ, ಆದರೆ ದೊಡ್ಡ ಊರು, ಬಸ್ಸು ಕಾರು ಜಾಸ್ತಿ. ಮ್ಯೂರನ್ 1,638 ಮೀಟರ್‌ನಲ್ಲಿದೆ, ಇನ್ನೂ ನಿಶ್ಶಬ್ದ, ಆದರೆ ಅಂಗಡಿ ಊಟದ ಆಯ್ಕೆ ಕಮ್ಮಿ, ಪ್ರತಿ ಸಲ ಇಳಿದು ಹತ್ತೋಕೆ ಕೇಬಲ್ ಕಾರೇ ಗತಿ. ಸಸ್ಯಾಹಾರಿಗಳಿಗೆ ವೆಂಗೆನ್ ಅನುಕೂಲ, ನಿಲ್ದಾಣದ ಪಕ್ಕದಲ್ಲೇ ದಿನಸಿ ಅಂಗಡಿ ಇದೆ.

ಕೋಣೆ ಕಾದಿರಿಸುವಾಗ ಯುಂಗ್‌ಫ್ರಾವ್ ಶಿಖರ ಕಾಣುವ ದಕ್ಷಿಣ ದಿಕ್ಕಿನ ಬಾಲ್ಕನಿ ಕೇಳಿ. ‘ಬೆಟ್ಟದ ನೋಟ’ ಅಂತ ಮಾತ್ರ ಬರೆದಿದ್ದರೆ ಹಿಂಬದಿಯ ಗುಡ್ಡವೂ ಅದರಲ್ಲಿ ಸೇರುತ್ತೆ, ಕೋಣೆಯ ದಿಕ್ಕನ್ನು ಹೋಟೆಲಿಗೇ ಬರೆದು ಕೇಳಿ. ಇನ್ನೊಂದು, ಅಲ್ಲಿ ಡಬಲ್ ಬೆಡ್ ಅಂದರೆ ಸಾಮಾನ್ಯವಾಗಿ ಒಂದೇ ಮಂಚದ ಮೇಲೆ ಎರಡು ಹಾಸಿಗೆ, ಇಬ್ಬರಿಗೂ ಬೇರೆ ಬೇರೆ ಹೊದಿಕೆ. ನಡುವೆ ಸೀಳು ಇರುತ್ತೆ. ಒಂದೇ ಹಾಸಿಗೆ ಬೇಕಿದ್ದರೆ ಅದನ್ನೂ ಮೊದಲೇ ಹೇಳಿ.

ಮುಂಗಾರುಮೋಡ

ವೆಂಗೆನ್ ಖಚಿತ. ಕಾರು ಹೋಗಲ್ಲ ಅಂದರೆ ಜ್ಯೂರಿಕ್‌ನಿಂದ ಪೆಟ್ಟಿಗೆ ತಗೊಂಡು ಹೋಗೋದು ಕಷ್ಟ ಆಗಲ್ವಾ?

ಹಳಿಬಂಡಿ

ಆಗಲ್ಲ. ಜ್ಯೂರಿಕ್ ವಿಮಾನ ನಿಲ್ದಾಣದ ಕೆಳಗೇ ರೈಲು ನಿಲ್ದಾಣ ಇದೆ. ಅಲ್ಲಿಂದ ಬರ್ನ್ ಮೂಲಕ ಇಂಟರ್‌ಲಾಕೆನ್ ಓಸ್ಟ್‌ಗೆ (ಪೂರ್ವ ನಿಲ್ದಾಣ) ಸುಮಾರು ಎರಡೂಕಾಲು ಗಂಟೆ. ಅಲ್ಲಿಂದ ಲೌಟರ್‌ಬ್ರುನೆನ್‌ಗೆ 20 ನಿಮಿಷ, ಮತ್ತೆ ಹಲ್ಲುಹಳಿಯ ರೈಲಿನಲ್ಲಿ ವೆಂಗೆನ್‌ಗೆ ಕಾಲು ಗಂಟೆಯೊಳಗೆ. ಈ ಹಳಿ 1893ರಿಂದಲೂ ಇದೆ. ಕಾಯೋದೂ ಸೇರಿ ಮೂರರಿಂದ ಮೂರೂಕಾಲು ಗಂಟೆ ಇಟ್ಟುಕೊಳ್ಳಿ.

ಹೊಸಬರು ಎಡವೋದು ಇಂಟರ್‌ಲಾಕೆನ್ ಓಸ್ಟ್‌ನಲ್ಲಿ. ಲೌಟರ್‌ಬ್ರುನೆನ್ ಮತ್ತು ಗ್ರಿಂಡೆಲ್‌ವಾಲ್ಡ್‌ಗೆ ಹೋಗುವ ಬೋಗಿಗಳು ಒಂದೇ ರೈಲಾಗಿ ಹೊರಟು ತ್ಸ್ವೈಲ್ಯೂಟ್ಶಿನೆನ್ ಎಂಬಲ್ಲಿ ಎರಡಾಗುತ್ತವೆ. ಖಾಲಿ ಸೀಟು ಕಂಡಿತು ಅಂತ ಹತ್ತಿದರೆ ಬೇರೆ ಕಣಿವೆಗೆ ಹೋಗಿಬಿಡ್ತೀರಿ. ಬೋಗಿಯ ಮೇಲಿನ ಫಲಕ ಓದಿಯೇ ಹತ್ತಿ. ಅಕಸ್ಮಾತ್ ತಪ್ಪು ಬೋಗಿ ಹತ್ತಿದ್ದರೆ ತ್ಸ್ವೈಲ್ಯೂಟ್ಶಿನೆನ್‌ನಲ್ಲೇ ಇಳಿದು ಬದಲಿಸಿ, ರೈಲು ಕವಲೊಡೆಯುವುದು ಅಲ್ಲೇ.

28 ಇಂಚಿನ ದೊಡ್ಡ ಪೆಟ್ಟಿಗೆ ಒಂದರ ಬದಲು 24 ಇಂಚಿನವು ಎರಡು ತನ್ನಿ. ಬರ್ನ್‌ನಲ್ಲಿ ಕೆಲವೇ ನಿಮಿಷದಲ್ಲಿ ಪ್ಲಾಟ್‌ಫಾರಂ ಬದಲಿಸಬೇಕಾಗಬಹುದು, ಇಬ್ಬರ ಕೈಗೂ ಒಂದೊಂದಾದರೆ ಓಡಬಹುದು. ವೆಂಗೆನ್ ನಿಲ್ದಾಣಕ್ಕೆ ಬಹಳಷ್ಟು ಹೋಟೆಲಿನವರು ಬ್ಯಾಟರಿ ಗಾಡಿ ಕಳಿಸ್ತಾರೆ. ಬರುವ ರೈಲಿನ ಸಮಯವನ್ನು ಹಿಂದಿನ ದಿನ ತಿಳಿಸಿದರೆ ಸಾಕು.

ಮುಂಗಾರುಮೋಡ

ಟ್ರಾವೆಲ್ ಪಾಸು ತಗೊಂಡರೆ ಎಲ್ಲಾ ಉಚಿತ ಅಂತಾರಲ್ಲ, ಅದನ್ನೇ ತಗೊಳ್ಳಲಾ?

ಹಳಿಬಂಡಿ

ಎಲ್ಲಾ ಉಚಿತ ಅನ್ನೋದು ತಪ್ಪು ತಿಳಿವಳಿಕೆ. ಸ್ವಿಸ್ ಟ್ರಾವೆಲ್ ಪಾಸು ವೆಂಗೆನ್, ಮ್ಯೂರನ್, ಗ್ರಿಂಡೆಲ್‌ವಾಲ್ಡ್‌ವರೆಗೆ ಪೂರ್ತಿ ನಡೆಯುತ್ತೆ. ಅದರ ಮೇಲಕ್ಕೆ, ಹಿಮದ ನಡುವಿನ ಕೊನೆಯ ರೈಲು ನಿಲ್ದಾಣವಾದ ಯುಂಗ್‌ಫ್ರಾವ್‌ಯೋಖ್‌ಗೆ (ಚಿಕ್ಕದಾಗಿ ಯೋಖ್) ಹೋದರೆ ಸಿಗೋದು ಶೇ 25 ರಿಯಾಯಿತಿ ಮಾತ್ರ. ಹಾಫ್ ಫೇರ್ ಕಾರ್ಡಿನಲ್ಲಿ ಅದೇ ಟಿಕೆಟಿಗೆ ಶೇ 50 ರಿಯಾಯಿತಿ. ದಿನಾ ಊರೂರು ಸುತ್ತುವವರಿಗೆ ಟ್ರಾವೆಲ್ ಪಾಸು ಲಾಭ, ಒಂದೇ ಕಡೆ ಕೂತು ಬೆಟ್ಟ ಹತ್ತುವವರಿಗೆ ಅಲ್ಲ.

ಮೂರನೆಯ ದಾರಿ ಯುಂಗ್‌ಫ್ರಾವ್ ಟ್ರಾವೆಲ್ ಪಾಸು. ಇದನ್ನು ಮೂರರಿಂದ ಎಂಟು ದಿನಕ್ಕೆ ಕೊಡ್ತಾರೆ. ವೆಂಗೆನ್, ಮೆನ್‌ಲಿಖೆನ್, ಕ್ಲೈನೆ ಶೈಡೆಗ್, ಐಗರ್‌ಗ್ಲೆಚರ್, ಗ್ರಿಂಡೆಲ್‌ವಾಲ್ಡ್ ಮೇಲಿನ ಫಸ್ಟ್ ಎಂಬ ಬೆಟ್ಟ, ಮ್ಯೂರನ್, ಶೀನಿಗೆ ಪ್ಲಾಟೆ, ಕೆರೆಯ ದೋಣಿಗಳು ಎಲ್ಲಾ ಸೇರುತ್ತವೆ. ಐಗರ್‌ಗ್ಲೆಚರ್‌ನಿಂದ ಯುಂಗ್‌ಫ್ರಾವ್‌ಯೋಖ್‌ಗೆ ಮಾತ್ರ ಪ್ರತ್ಯೇಕ ಟಿಕೆಟ್, ಶಿಲ್ಟ್‌ಹಾರ್ನ್ ಶಿಖರ ಸೇರಲ್ಲ.

ಲೆಕ್ಕ ಹೀಗೆ ಹಾಕಿ. ನೀವು ಮಾಡುವ ಪ್ರತಿ ಪ್ರಯಾಣದ ಪೂರ್ತಿ ದರವನ್ನು ಸ್ವಿಸ್ ರೈಲ್ವೆಯ ಎಸ್‌ಬಿಬಿ ಆ್ಯಪಿನಲ್ಲಿ ನೋಡಿ ಕೂಡಿಸಿ. ಅದರ ಅರ್ಧಕ್ಕೆ ಹಾಫ್ ಫೇರ್ ಕಾರ್ಡಿನ ಬೆಲೆ ಸೇರಿಸಿದರೆ ಒಂದು ಮೊತ್ತ. ಯುಂಗ್‌ಫ್ರಾವ್ ಪಾಸು, ಯೋಖ್‌ನ ಪ್ರತ್ಯೇಕ ಟಿಕೆಟ್, ಜ್ಯೂರಿಕ್‌ನಿಂದ ಹೋಗಿಬರುವ ದರ ಕೂಡಿಸಿದರೆ ಇನ್ನೊಂದು. ಮೇಲೆ ಮೂರು ದಿನಕ್ಕಿಂತ ಹೆಚ್ಚು ಓಡಾಡೋದಾದರೆ ಬಹುಮಟ್ಟಿಗೆ ಎರಡನೆಯದೇ ಗೆಲ್ಲುತ್ತೆ. ಜ್ಯೂರಿಕ್ ಟಿಕೆಟನ್ನು ಸೂಪರ್‌ಸೇವರ್ ದರದಲ್ಲಿ ಮೊದಲೇ ಕೊಂಡರೆ ಅಗ್ಗ, ಆದರೆ ಆ ಟಿಕೆಟ್ ಅದೇ ರೈಲಿಗಷ್ಟೇ ನಡೆಯುತ್ತೆ. ಬರುವ ದಿನ ವಿಮಾನ ತಡವಾದರೆ ದುಡ್ಡು ಹೋದಂತೆ. ವಾಪಸ್ ಹೋಗೋಕೆ ಮಾತ್ರ ಅದನ್ನು ಬಳಸಿ.

ಸಹ್ಯಾದ್ರಿ78

ಯುಂಗ್‌ಫ್ರಾವ್‌ಯೋಖ್‌ನ ಪೂರ್ತಿ ದರ ಇಂಟರ್‌ಲಾಕೆನ್‌ನಿಂದ ಬೇಸಿಗೆಯಲ್ಲಿ ತಲೆಗೆ 200 ಫ್ರಾಂಕ್ ಮೀರುತ್ತೆ. ಅಷ್ಟು ಕೊಟ್ಟು ಮೋಡದೊಳಗೆ ನಿಲ್ಲೋ ಹಾಗಾಗಬಾರದು. ಬೆಳಿಗ್ಗೆ ಎದ್ದು ಕಿಟಕಿಯಿಂದ ನೋಡಿ ತೀರ್ಮಾನ ಮಾಡಬೇಡಿ. ಕಣಿವೆಯಲ್ಲಿ ಮಂಜು ತುಂಬಿ ಮೇಲೆ ನೀಲಿ ಆಕಾಶ ಇರೋದೂ ಉಂಟು, ಕೆಳಗೆ ಬಿಸಿಲಿದ್ದು ಮೇಲೆ ಗಾಳಿ ಮೋಡ ಇರೋದೂ ಉಂಟು. ಶಿಖರದ ನೇರ ಕ್ಯಾಮೆರಾ ಚಿತ್ರ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತೆ. ಏಳು ಗಂಟೆಗೆ ಅದನ್ನು ನೋಡಿ, ಜೊತೆಗೆ ಸ್ವಿಸ್ ಹವಾಮಾನ ಇಲಾಖೆಯ ಮೆಟಿಯೋಸ್ವಿಸ್ ಆ್ಯಪಿನಲ್ಲಿ ಮುಂದಿನ ಆರು ಗಂಟೆಯ ಮೋಡ ನೋಡಿ. ಸರಿ ಕಂಡರೆ ಟಿಕೆಟ್ ಕೊಂಡು, ಸುರಂಗದ ರೈಲಿಗೆ ಸೀಟು ಕಾದಿರಿಸಿ ಹೊರಡಿ.

ಮೇಲೆ 3,454 ಮೀಟರ್. ಗಾಳಿಯ ಒತ್ತಡ ಕಡಲ ಮಟ್ಟದ ಮೂರನೇ ಎರಡರಷ್ಟೇ. ಮೆಟ್ಟಿಲು ಓಡಿ ಹತ್ತಿದರೆ ತಲೆ ತಿರುಗುತ್ತೆ. ನೀರು ಕುಡಿಯುತ್ತ ನಿಧಾನಕ್ಕೆ ನಡೀರಿ, ಬಲವಾದ ತಲೆನೋವು ಅಥವಾ ವಾಂತಿ ಬಂದರೆ ಕಾಯದೆ ಮುಂದಿನ ರೈಲಿಗೇ ಇಳಿಯಿರಿ. ಬಿಪಿ, ಹೃದಯದ ತೊಂದರೆ ಇರುವವರು ಹೊರಡುವ ಮುಂಚೆ ವೈದ್ಯರನ್ನು ಕೇಳಲೇಬೇಕು. 1912ರಲ್ಲಿ ತೆರೆದ ಈ ರೈಲು ಐಗರ್ ಮತ್ತು ಮೋಂಕ್ ಶಿಖರಗಳ ಹೊಟ್ಟೆಯೊಳಗಿಂದ ಹತ್ತುತ್ತೆ. ಆಚೆ ಬದಿಗೆ ಆಲ್ಪ್ಸ್‌ನ ಅತಿ ಉದ್ದದ ಹಿಮನದಿ ಅಲೆಚ್ ಕಾಣುತ್ತೆ. ಕಪ್ಪು ಕನ್ನಡಕ ಇಲ್ಲದೆ ಹಿಮದ ಮೇಲೆ ಹತ್ತು ನಿಮಿಷವೂ ನಿಲ್ಲಬೇಡಿ.

ಆರೆ_ಕಣಿವೆ

ಮೊಣಕಾಲಿನ ವಿಷಯಕ್ಕೆ ಬರ್ತೀನಿ. ನಿಮಗೆಂದೇ ಮಾಡಿದ ಹಾಗಿರುವ ದಾರಿ ಮೆನ್‌ಲಿಖೆನ್‌ನಿಂದ ಕ್ಲೈನೆ ಶೈಡೆಗ್‌ಗೆ ಹೋಗುವುದು. ವೆಂಗೆನ್ ಊರೊಳಗಿಂದಲೇ ಕೇಬಲ್ ಕಾರ್ ಹತ್ತಿ 2,225 ಮೀಟರ್‌ಗೆ ಹೋಗಿ, ಅಲ್ಲಿಂದ ಸುಮಾರು ನಾಲ್ಕೂವರೆ ಕಿಲೋಮೀಟರ್ ನಡಿಗೆ. ಶೈಡೆಗ್ ಇರೋದು 2,061 ಮೀಟರ್‌ನಲ್ಲಿ, ಅಂದರೆ ಇಳಿಯೋದು ಒಟ್ಟು 160 ಮೀಟರ್ ಅಷ್ಟೇ. ಅಗಲವಾದ ಜಲ್ಲಿ ದಾರಿ, ಒಂದೂವರೆ ಗಂಟೆ ಸಾಕು. ಐಗರ್, ಮೋಂಕ್, ಯುಂಗ್‌ಫ್ರಾವ್ ಮೂರೂ ಎದುರಿಗೇ ಇರುತ್ತವೆ. ಅದಕ್ಕೇ ಈ ದಾರಿಯನ್ನು ಶೈಡೆಗ್‌ನಿಂದ ಶುರುಮಾಡಬೇಡಿ: ಏರೂ ಸಿಗುತ್ತೆ, ಶಿಖರಗಳೂ ಬೆನ್ನ ಹಿಂದೆ ಬೀಳುತ್ತವೆ. ಶೈಡೆಗ್ ತಲುಪಿದಮೇಲೆ ವೆಂಗೆನ್‌ಗೆ ರೈಲಿನಲ್ಲೇ ಇಳಿಯಿರಿ. ನಡೆದು ಇಳಿದರೆ ಸುಮಾರು 800 ಮೀಟರ್ ಇಳಿಜಾರು, ಮೊಣಕಾಲು ಮಾತು ಕೇಳಲ್ಲ.

ಇನ್ನೊಂದು ಗ್ರುಚ್‌ಆಲ್ಪ್‌ನಿಂದ ಮ್ಯೂರನ್‌ಗೆ, ರೈಲು ಹಳಿಯ ಪಕ್ಕದಲ್ಲೇ ಹೋಗುವ ಸಮ ದಾರಿ. ಸುಸ್ತಾದರೆ ನಡುವೆ ವಿಂಟರೆಗ್‌ನಲ್ಲಿ ರೈಲು ಹತ್ತಬಹುದು. ಮೂರನೆಯದು ಗ್ರಿಂಡೆಲ್‌ವಾಲ್ಡ್ ಫಸ್ಟ್‌ನಿಂದ ಬಾಖಾಲ್ಪ್‌ಸೀ ಕೆರೆಗೆ. ಒಂದು ಬದಿಗೆ ಮೂರು ಕಿಲೋಮೀಟರ್, ನೂರು ಮೀಟರ್ ಏರು, ಅದೇ ದಾರಿಯಲ್ಲಿ ವಾಪಸ್. ಗಾಳಿ ಇಲ್ಲದ ಬೆಳಿಗ್ಗೆ ಹೋದರೆ ನೀರಿನಲ್ಲಿ ಶಿಖರಗಳ ನೆರಳು ಪೂರ್ತಿ ಮೂಡಿರುತ್ತೆ, ಮಧ್ಯಾಹ್ನದ ಗಾಳಿಗೆ ಅದು ಒಡೆಯುತ್ತೆ.

ಹಳದಿ ಕೈಮರದ ಮೇಲೆ ದೂರ ಬರೆದಿರಲ್ಲ, ಸಮಯ ಬರೆದಿರ್ತಾರೆ. ಅದರಲ್ಲಿ ಕೂತು ಉಸಿರು ತಗೊಳ್ಳುವ ಸಮಯ ಸೇರಿಲ್ಲ. ಆ ಸಮಯಕ್ಕೆ ಅರ್ಧದಷ್ಟು ಕೂಡಿಸಿಕೊಳ್ಳಿ. ಬಿಳಿ ಕೆಂಪು ಬಿಳಿ ಪಟ್ಟಿ ಇದ್ದರೆ ಅದು ಬೆಟ್ಟದ ಕಡಿದಾದ ದಾರಿ, ನಿಮ್ಮವರಿಗೆ ಬೇಡ. ಎರಡು ಮಡಚುವ ಊರುಗೋಲು ತನ್ನಿ, ಇಳಿಯುವಾಗ ಮಂಡಿಯ ಮೇಲಿನ ಭಾರ ಕಮ್ಮಿಯಾಗುತ್ತೆ. ಅವು ಕೈಚೀಲದಲ್ಲಿ ಬೇಡ, ಚೆಕ್‌ಇನ್ ಪೆಟ್ಟಿಗೆಯಲ್ಲಿ ಇರಲಿ.

ಮುಂಗಾರುಮೋಡ

ಪೂರ್ತಿ ಮಳೆ ಹಿಡಿದರೆ?

ಆರೆ_ಕಣಿವೆ

ಲೌಟರ್‌ಬ್ರುನೆನ್ ಕಣಿವೆಯ ಟ್ರುಮೆಲ್‌ಬಾಖ್ ಜಲಪಾತ. ಐಗರ್, ಮೋಂಕ್, ಯುಂಗ್‌ಫ್ರಾವ್‌ಗಳ ಹಿಮನದಿಗಳ ನೀರು ಬಂಡೆಯ ಒಳಗೇ ಹತ್ತು ಹಂತವಾಗಿ ಧುಮುಕುತ್ತೆ, ಜೋರಿದ್ದಾಗ ಸೆಕೆಂಡಿಗೆ 20,000 ಲೀಟರ್‌ವರೆಗೆ. ಸದ್ದು ಎದೆಗೇ ಬಡಿಯುತ್ತೆ. ಮೊದಲು ಒಳಗಿನ ಲಿಫ್ಟಿನಲ್ಲಿ ಮೇಲೆ ಹೋಗಿ. ಮೆಟ್ಟಿಲು ಒದ್ದೆ, ಜಾರುತ್ತೆ. ಹಿಡಿತವಿರುವ ಬೂಟು, ಮಳೆ ಅಂಗಿ ಇರಲಿ. ಇಳಿಯುವ ಮೆಟ್ಟಿಲು ಕಷ್ಟ ಅನಿಸಿದರೆ ಲಿಫ್ಟಿನಲ್ಲೇ ವಾಪಸ್ ಬನ್ನಿ. ಮಳೆ ಬಿಡುವು ಕೊಟ್ಟರೆ ಬ್ರಿಯೆಂಜ್ ಕೆರೆಯ ದೋಣಿಯಲ್ಲಿ ಗೀಸ್‌ಬಾಖ್ ಜಲಪಾತದವರೆಗೆ ಹೋಗಿಬನ್ನಿ.

ಕಡತ

ಇಷ್ಟೆಲ್ಲ ಓದಿ ವೀಸಾ ಕೊನೆಗೆ ಇಟ್ಟುಕೊಳ್ಳಬೇಡಿ. ಸ್ವಿಟ್ಜರ್ಲೆಂಡೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾದ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಕೊಡಬಹುದು, 15 ದಿನದೊಳಗೆ ಬಂದರೆ ತಡವಾಯಿತು. ನಿಜವಾದ ತಲೆನೋವು ಬೇಸಿಗೆಯಲ್ಲಿ ಬೆಂಗಳೂರಿನ ಅರ್ಜಿ ಕೇಂದ್ರದಲ್ಲಿ ಅಪಾಯಿಂಟ್‌ಮೆಂಟ್ ಸಿಗೋದು. ಸೆಪ್ಟೆಂಬರ್ ಪ್ರಯಾಣಕ್ಕೆ ಮೇ, ಜೂನ್‌ನಲ್ಲೇ ದಿನ ಹಿಡಿಯಿರಿ. ಶುಲ್ಕ 2024ರ ಜೂನ್‌ನಿಂದ ವಯಸ್ಕರಿಗೆ 90 ಯೂರೋ, ಕೇಂದ್ರದ ಸೇವಾ ಶುಲ್ಕ ಬೇರೆ. ಗಂಡ ಹೆಂಡತಿ ಒಟ್ಟಿಗೇ ಹೋಗಿ, ಆದರೆ ಇಬ್ಬರದೂ ಪ್ರತ್ಯೇಕ ಅರ್ಜಿ, ಪ್ರತ್ಯೇಕ ದಾಖಲೆ ಕಟ್ಟು.

ಅರ್ಜಿ ಸಿಕ್ಕಿಹಾಕಿಕೊಳ್ಳೋದು ಎಲ್ಲಿ ಅಂದರೆ:

ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಾಪಸ್ ಬರುವ ದಿನದ ನಂತರ ಮೂರು ತಿಂಗಳು ಚಾಲ್ತಿ ಇರಬೇಕು, ಎರಡು ಖಾಲಿ ಪುಟ ಬೇಕು. ಇಬ್ಬರಲ್ಲಿ ಒಬ್ಬರದು ಮುಗಿಯುತ್ತ ಬಂದಿರೋದು ಅಪಾಯಿಂಟ್‌ಮೆಂಟ್ ಸಿಕ್ಕಮೇಲೆ ಗೊತ್ತಾದರೆ ಎಲ್ಲ ಮೊದಲಿಂದ.

ವಿಮೆ ಕನಿಷ್ಠ 30,000 ಯೂರೋ, ಇಡೀ ಷೆಂಗೆನ್ ಪ್ರದೇಶಕ್ಕೆ, ಇಳಿಯುವ ದಿನದಿಂದ ಹೊರಡುವ ದಿನದವರೆಗೆ. ಮಧ್ಯರಾತ್ರಿ ದಾಟಿ ಹೊರಡುವ ವಿಮಾನವಾದರೆ ಜನ ಒಂದು ದಿನ ಕಮ್ಮಿ ತಗೊಂಡುಬಿಡ್ತಾರೆ. ಬೆಟ್ಟದಲ್ಲಿ ಹೆಲಿಕಾಪ್ಟರ್ ರಕ್ಷಣೆಯ ಖರ್ಚು ಸೇರಿದೆಯಾ ಅಂತಲೂ ಓದಿ ನೋಡಿ.

ಪ್ರತಿ ರಾತ್ರಿಗೂ ಕೋಣೆಯ ದಾಖಲೆ, ಇಬ್ಬರ ಹೆಸರೂ ಅದರಲ್ಲಿ. ಅರ್ಜಿಗೆ ಮುಂಚೆ ಬ್ಯಾಂಕ್ ಖಾತೆಗೆ ಒಂದೇ ಸಲ ದೊಡ್ಡ ಮೊತ್ತ ಹಾಕಬೇಡಿ. ಎಲ್ಲಿಂದ ಬಂತು ಅನ್ನೋ ಪ್ರಶ್ನೆ ಏಳುತ್ತೆ. ಎಫ್‌ಡಿ ಮುರಿದದ್ದಾದರೆ ಅದರ ಕಾಗದ ಲಗತ್ತಿಸಿ. ಸಬ್ ರಿಜಿಸ್ಟ್ರಾರ್ ಕಚೇರಿಯ ವಿವಾಹ ನೋಂದಣಿ ಪತ್ರ ಇಡಿ, ಇಬ್ಬರ ಪಾಸ್‌ಪೋರ್ಟಿನಲ್ಲೂ ಸಂಗಾತಿಯ ಹೆಸರಿಲ್ಲದಿದ್ದರೆ ಇದು ಬಹಳ ಮುಖ್ಯ. ಹಿಂದೆ ಷೆಂಗೆನ್‌ಗೆ ಬೆರಳಚ್ಚು ಕೊಟ್ಟು 59 ತಿಂಗಳಾಗಿಲ್ಲದಿದ್ದರೆ ಅದನ್ನೇ ಬಳಸಿಕೊಳ್ತಾರೆ.

ನಮ್ಮ ಕಡೆ ಹಲವರ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ ಇರುತ್ತೆ. ಅಂಥವರ ಹೆಸರನ್ನು ಟಿಕೆಟಿನಲ್ಲಿ ಹೇಗೆ ಬರೆಯಬೇಕು ಅನ್ನೋ ನಿಯಮ ಒಂದೊಂದು ವಿಮಾನ ಸಂಸ್ಥೆಗೆ ಒಂದೊಂದು. ಕಾದಿರಿಸುವ ಮುಂಚೆಯೇ ಕೇಳಿಕೊಳ್ಳಿ.

ಹಳಿಬಂಡಿ

ಇದಕ್ಕೊಂದು ಸೇರಿಸ್ತೀನಿ. ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್ ಮೂಲಕ ಬಂದರೆ ಷೆಂಗೆನ್ ಪ್ರವೇಶದ ತಪಾಸಣೆ ಅಲ್ಲೇ, ಜ್ಯೂರಿಕ್‌ನಲ್ಲಲ್ಲ. 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಬೆರಳಚ್ಚು, ಮುಖದ ಚಿತ್ರ ತೆಗೆಯುವ ಹೊಸ ವ್ಯವಸ್ಥೆ ಹಂತಹಂತವಾಗಿ ಬಂದಿದೆ, ಸಾಲು ಉದ್ದವಾಗುತ್ತೆ. ಒಂದು ಗಂಟೆ ಅಂತರದ ಮುಂದಿನ ವಿಮಾನ ಕೊಳ್ಳಬೇಡಿ, ಎರಡೂವರೆ ಗಂಟೆ ಇರಲಿ. ದುಬೈ, ದೋಹಾ ಮೂಲಕ ಬಂದರೆ ತಪಾಸಣೆ ಜ್ಯೂರಿಕ್‌ನಲ್ಲಿ.

ಬಾಳೆಎಲೆ

ಊಟದ ಬಗ್ಗೆ ನಾನು ಬರೀತೀನಿ. ಐದು ರಾತ್ರಿಗೆ ಅಡುಗೆಮನೆ ಇರುವ ಚಿಕ್ಕ ಅಪಾರ್ಟ್‌ಮೆಂಟ್ ತಗೊಳ್ಳೋದು ಲೇಸು. ಮಧ್ಯಾಹ್ನ ಹೊರಗೆ, ರಾತ್ರಿ ಮನೆಯಲ್ಲಿ.

ಹೋಟೆಲಿನಲ್ಲಿ ಕೇಳಿ ತಿನ್ನಬೇಕಾದವು: ರೋಸ್ಟಿ, ಅಂದರೆ ತುರಿದ ಆಲೂಗಡ್ಡೆಯನ್ನು ದೋಸೆಯಂತೆ ಒತ್ತಿ ಕರಿದದ್ದು. ಅದಕ್ಕೆ ಹಂದಿಮಾಂಸದ ಚೂರು ಹಾಕೋದು ವಾಡಿಕೆ, ‘ಓನೆ ಶ್ಪೆಕ್’ ಅಂತ ಹೇಳಬೇಕು. ಮೇಲೆ ಮೊಟ್ಟೆ ಇಡ್ತಾರೆ, ‘ಓನೆ ಐ’ ಅಂತಲೂ ಸೇರಿಸಿ. ಫಾಂಡ್ಯೂ, ಅಂದರೆ ಕರಗಿಸಿದ ಚೀಸ್‌ನಲ್ಲಿ ವೈನ್ ಇರುತ್ತೆ, ಕಿರ್ಶ್ ಎಂಬ ಮದ್ಯವನ್ನೂ ಹಾಕ್ತಾರೆ. ಗ್ರುಯೇರ್‌ನಂಥ ಹಳೆಯ ಪದ್ಧತಿಯ ಚೀಸ್‌ಗಳಿಗೆ ಹಾಲು ಒಡೆಸೋಕೆ ಕರುವಿನ ಹೊಟ್ಟೆಯ ರೆನೆಟ್ ಬಳಸ್ತಾರೆ. ಕಟ್ಟುನಿಟ್ಟಿನವರಾದರೆ ಇದು ಮೊದಲೇ ಗೊತ್ತಿರಲಿ. ರಾತ್ರಿ ಒಂಬತ್ತಾದರೆ ಬಹಳ ಕಡೆ ಅಡುಗೆಮನೆ ಮುಚ್ಚಿರುತ್ತೆ.

ಮನೆಯಿಂದ ಒಯ್ಯುವಾಗ ಎಚ್ಚರ. ಭಾರತದಿಂದ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ತುಪ್ಪದ ಡಬ್ಬಿ, ಪೇಡ, ಕುಂದ ಎಲ್ಲಾ ಮನೆಯಲ್ಲೇ ಇರಲಿ. ಹಸಿ ಕರಿಬೇವು, ಹಸಿಮೆಣಸಿನಕಾಯಿ, ನಿಂಬೆಹಣ್ಣೂ ಬೇಡ. ಸಸ್ಯ ಆರೋಗ್ಯ ಪತ್ರವಿಲ್ಲದೆ ಬಿಡಲ್ಲ. ಇಬ್ಬರಿಗೆ ಐದು ದಿನಕ್ಕೆ ಹುರಿದ ರವೆ ಅರ್ಧ ಕೆಜಿ, ಗೊಜ್ಜವಲಕ್ಕಿ ಪುಡಿ ಬೆರೆಸಿದ ಅವಲಕ್ಕಿ ಅರ್ಧ ಕೆಜಿ, ಸಾರಿನ ಪುಡಿ 100 ಗ್ರಾಂ, ಚಟ್ನಿಪುಡಿ 150 ಗ್ರಾಂ, ಒಗ್ಗರಣೆಗೆ ಸಾಸಿವೆ, ಇಂಗು, ಒಣಮೆಣಸು, ಒಣಗಿಸಿದ ಕರಿಬೇವು ಒಂದು ಚಿಕ್ಕ ಡಬ್ಬಿಯಲ್ಲಿ. ಅಕ್ಕಿ, ಮೊಸರು, ಟೊಮೆಟೊ, ಆಲೂಗಡ್ಡೆ ಅಲ್ಲೇ ಸಿಗುತ್ತೆ. ಮೊಸರಿಗೆ ‘ನಟೂರ್’ ಅಂತ ಬರೆದ ಡಬ್ಬಿ ತಗೊಳ್ಳಿ, ಮಿಕ್ಕವು ಸಿಹಿ.

ಅಲ್ಲಿ ಬೇಳೆ ಬೇಯೋದು ನಿಧಾನ. 1,274 ಮೀಟರ್‌ನಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತೆ, ಕುಕ್ಕರ್ ಇಲ್ಲದೆ ತೊಗರಿಬೇಳೆ ಬೇಯೋಕೆ ಬಹಳ ಹೊತ್ತು ಬೇಕು. ‘ರೋಟೆ ಲಿನ್ಸೆನ್’ ಅಂತ ಸಿಗುವ ಕೆಂಪು ಮಸೂರ್ ಬೇಳೆ ತಗೊಳ್ಳಿ, ಇಪ್ಪತ್ತು ನಿಮಿಷಕ್ಕೆ ಕರಗುತ್ತೆ. ಅಲ್ಯೂಮಿನಿಯಂ ಕುಕ್ಕರ್ ಹೊತ್ತುಕೊಂಡು ಹೋಗಬೇಡಿ, ಒಲೆ ಇಂಡಕ್ಷನ್ ಆಗಿದ್ದರೆ ಬಿಸಿಯೇ ಆಗಲ್ಲ. ಒಗ್ಗರಣೆ ಹಾಕುವ ಮುಂಚೆ ಕಿಟಕಿ ತೆಗೆದು ಹೊಗೆ ಎಳೆಯುವ ಫ್ಯಾನ್ ಹಾಕಿ. ಒಣಮೆಣಸಿನ ಘಾಟಿಗೆ ಹೊಗೆ ಅಲಾರಂ ಕೂಗಿದರೆ ಇಡೀ ಕಟ್ಟಡ ಎದ್ದು ಬರುತ್ತೆ. ಸಂಜೆ ಆರೂವರೆಯೊಳಗೆ ಅಂಗಡಿ ಕೆಲಸ ಮುಗಿಸಿ.

ಸಹ್ಯಾದ್ರಿ78

ಚಿಕ್ಕಪುಟ್ಟವು. ಕಾರ್ಡಿನಲ್ಲಿ ಕೊಡುವಾಗ ಯಂತ್ರ ರೂಪಾಯಿಯಾ ಫ್ರಾಂಕಾ ಅಂತ ಕೇಳಿದರೆ ಫ್ರಾಂಕ್ ಒತ್ತಿ. ರೂಪಾಯಿ ಒತ್ತಿದರೆ ಅವರ ದರದಲ್ಲಿ ಬದಲಾಗಿ ಜಾಸ್ತಿ ಕತ್ತರಿಸುತ್ತೆ. ನಮ್ಮ ಮೂರು ಪಿನ್ ಪ್ಲಗ್ ಅಲ್ಲಿ ಕೂರಲ್ಲ. ಸ್ವಿಸ್ ಸಾಕೆಟ್ ಯುರೋಪಿನ ಮಿಕ್ಕ ದೇಶಗಳದಕ್ಕಿಂತಲೂ ಬೇರೆ, ಅದಕ್ಕೇ ಹೊಂದುವ ಅಡಾಪ್ಟರ್ ಎರಡು ತಗೊಳ್ಳಿ. ನಲ್ಲಿ ನೀರು, ಊರಿನ ಕಾರಂಜಿ ನೀರು ಕುಡಿಯಬಹುದು. ‘ಕೈನ್ ಟ್ರಿಂಕ್‌ವಾಸರ್’ ಅಂತ ಫಲಕ ಇದ್ದರೆ ಮಾತ್ರ ಬೇಡ. ಸೆಪ್ಟೆಂಬರ್‌ನಲ್ಲಿ ಒಂದು ದಪ್ಪ ಕೋಟಿನ ಬದಲು ಒಳಗೆ ತೆಳು ಉಣ್ಣೆ, ಮೇಲೆ ಫ್ಲೀಸ್, ಅದರ ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್. ಯೋಖ್ ಮೇಲೆ ಸೊನ್ನೆಯ ಆಸುಪಾಸು ಇರಬಹುದು, ಅದೇ ದಿನ ಮಧ್ಯಾಹ್ನ ವೆಂಗೆನ್ ಬಿಸಿಲಿಗೆ ಅಂಗಿ ಸಾಕು.

ಮುಂಗಾರುಮೋಡ

ಎಲ್ಲರಿಗೂ ತುಂಬಾ ಧನ್ಯವಾದ. ಈಗ ಹೀಗೆ ಮಾಡಿದ್ದೇನೆ: ವೆಂಗೆನ್ ಐದು ರಾತ್ರಿ ಅಪಾರ್ಟ್‌ಮೆಂಟ್, ಐದು ದಿನದ ಯುಂಗ್‌ಫ್ರಾವ್ ಪಾಸು, ಯೋಖ್‌ಗೆ ದಿನ ನಿಗದಿ ಮಾಡಿಲ್ಲ. ವಾಪಸ್ ವಿಮಾನ ಜ್ಯೂರಿಕ್‌ನಿಂದ ಬೆಳಿಗ್ಗೆ 10.20ಕ್ಕೆ ಅಗ್ಗದಲ್ಲಿ ಸಿಗ್ತಿದೆ, ಇನ್ನೂ ಕೊಂಡಿಲ್ಲ.

ಹಳಿಬಂಡಿ

ಕೊಳ್ಳಬೇಡಿ. 10.20ರ ವಿಮಾನಕ್ಕೆ ಏಳೂವರೆಗೆಲ್ಲ ಜ್ಯೂರಿಕ್‌ನಲ್ಲಿರಬೇಕು, ಅಂದರೆ ವೆಂಗೆನ್ ಬಿಡಬೇಕಾದ್ದು ನಾಲ್ಕು ಗಂಟೆಗೆ. ಅಷ್ಟು ಹೊತ್ತಿಗೆ ಬೆಟ್ಟದಿಂದ ರೈಲಿಲ್ಲ, ಕಾರಂತೂ ಬರಲ್ಲ. ಆ ವಿಮಾನವೇ ಬೇಕಾದರೆ ಐದನೇ ರಾತ್ರಿ ಜ್ಯೂರಿಕ್‌ನಲ್ಲಿ ಕಳೀಬೇಕು, ವೆಂಗೆನ್‌ನ ಒಂದು ರಾತ್ರಿ ಕೈಬಿಡಬೇಕು, ಉಳಿಸಿದ ದುಡ್ಡು ಅಲ್ಲಿನ ಕೋಣೆಗೇ ಹೋಗುತ್ತೆ. ಮಧ್ಯಾಹ್ನ ಮೂರರ ನಂತರ ಹೊರಡುವ ವಿಮಾನ ನೋಡಿ. ಬೆಳಿಗ್ಗೆ ಎಂಟರ ಸುಮಾರಿಗೆ ಊರು ಬಿಟ್ಟರೆ ಒಂದು ರೈಲು ತಪ್ಪಿದರೂ ಅರ್ಧ ಗಂಟೆ ಬಿಟ್ಟು ಇನ್ನೊಂದು ಸಿಗುತ್ತೆ.

ಕಡತ

ವಿಮಾನ ಬದಲಿಸಿದರೆ ವಿಮೆಯ ಕೊನೆಯ ದಿನಾಂಕವನ್ನೂ ಅದಕ್ಕೆ ಹೊಂದಿಸಿ, ಆಮೇಲೆ ಅರ್ಜಿಗೆ ಸಹಿ ಹಾಕಿ.